ಮೂರು ಮೆಟ್ಟಿಲಿನ ಚರಿತ್ರೆ

ಚರಿತ್ರೆ ತೆಗೆದುಕೊಂಡು ಬಿ.ಎ. ಮಾಡಿದವರು ನಾವು. ನಮ್ಮ ವಂಶದಲ್ಲಿ ಡಿಗ್ರಿ ಅನ್ನುವ ಕಾಗದ ಮನೆ ಹೊಸ್ತಿಲು ದಾಟಿ ಒಳಗೆ ಬಂದದ್ದು ಅದೇ ಮೊದಲು. ಮೂರು ವರ್ಷ ಹೊಯ್ಸಳರ ಗುಡಿಯ ಜಗತಿಯನ್ನೂ ವಿಜಯನಗರದ ಆನೆಲಾಯವನ್ನೂ ಬಾಯಿಪಾಠ ಮಾಡಿದೆವು. ಗುಡಿಯನ್ನ ನೆಲದಿಂದ ಯಾಕೆ ಎತ್ತರಕ್ಕೆ ಎತ್ತಿ ಕಟ್ಟಿದರು ಅನ್ನುವುದಕ್ಕೆ ಹತ್ತು ಅಂಕದ ಪ್ರಶ್ನೆ ಇತ್ತು. ನಮ್ಮ ತಾಲ್ಲೂಕು ಬಸ್‌ಸ್ಟ್ಯಾಂಡಿನ ಕಕ್ಕಸನ್ನ ನೆಲದಿಂದ ಯಾಕೆ ಎತ್ತರಕ್ಕೆ ಎತ್ತಿ ಕಟ್ಟಿದರು, ಅದಕ್ಕೆ ಮೂರು ಮೆಟ್ಟಿಲು ಯಾಕೆ ಇಟ್ಟರು ಅನ್ನುವುದು ಯಾವ ಪೇಪರಿನಲ್ಲೂ ಬರಲಿಲ್ಲ.

ಆ ಮೂರು ಮೆಟ್ಟಿಲು ನಮ್ಮ ಮನೆಯ ಚರಿತ್ರೆ. ನಮ್ಮಜ್ಜಿ ಅದೇ ಊರಿನ ಒಣಕಕ್ಕಸುಗಳ ಹಿಂದೆ ಬಗ್ಗಿ ಬುಟ್ಟಿ ತುಂಬಿ ತಲೆ ಮೇಲೆ ಹೊತ್ತವಳು. ನಮ್ಮಪ್ಪ ಗುತ್ತಿಗೆ ಪೌರಕಾರ್ಮಿಕ, ಬಸ್‌ಸ್ಟ್ಯಾಂಡಿನ ಕಕ್ಕಸು ತೊಳೆಯುವವನು. ನಮ್ಮಕ್ಕ ಆ ಮೂರು ಮೆಟ್ಟಿಲು ಹತ್ತಲಾರದವಳು. ಹೀಗೆ ಒಂದೇ ಕಟ್ಟಡದ ಹಿಂದೆ, ಒಳಗೆ, ಮುಂದೆ ನಮ್ಮ ಮನೆಯ ಮೂರು ತಲೆ ನಿಂತಿವೆ. ಆದ್ದರಿಂದ ಇದನ್ನ ಬರೆಯುವ ಅಧಿಕಾರ ನಮಗಿದೆ ಅಂದುಕೊಂಡಿದ್ದೇವೆ.

ಅಕ್ಕನಿಗೆ ಒಂದು ವರ್ಷವಿದ್ದಾಗ, 1994ರಲ್ಲಿ, ಮೂರು ದಿನ ಜ್ವರ ಬಂತು. ಅವ್ವ ಬೇವಿನಸೊಪ್ಪು ಕಟ್ಟಿದಳು, ಮಾರಮ್ಮನಿಗೆ ತಂಬಿಟ್ಟಿನ ಆರತಿ ಹರಸಿಕೊಂಡಳು. ಜ್ವರ ಇಳಿಯಿತು. ಇಳಿಯುವಾಗ ಎರಡು ಕಾಲನ್ನೂ ತೆಗೆದುಕೊಂಡು ಇಳಿಯಿತು. ಮಾರನೆಯ ವರ್ಷ, 1995ರಲ್ಲಿ, ಈ ದೇಶದಲ್ಲಿ ಪಲ್ಸ್ ಪೋಲಿಯೊ ಹನಿ ಹಾಕುವುದು ಶುರುವಾಯಿತು. ಕಡೆಯ ಕಾಡು ಪೋಲಿಯೊ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊ ಹೋಯಿತು ಅಂತ ಸರ್ಟಿಫಿಕೇಟು ಕೊಟ್ಟಿತು. ಒಳ್ಳೆಯದೇ ಆಯಿತು. ರೋಗ ಹೋಯಿತು, ರೋಗ ಹಿಡಿದವರು ಉಳಿದರು. ಅವರು ಎಲ್ಲಿ ಉಚ್ಚೆ ಹೊಯ್ಯಬೇಕು ಅನ್ನುವುದು ಆ ಸರ್ಟಿಫಿಕೇಟಿನಲ್ಲಿರಲಿಲ್ಲ.

ಉಚ್ಚೆ ಅಂತ ಬರೆದರೆ ಕೆಲವರಿಗೆ ಮುಜುಗರ ಆದೀತು. 'ಜಲಬಾಧೆ' ಅಂತ ಬರೆಯಬಹುದಿತ್ತು. ಆದರೆ ತೊಳೆಯುವಾಗ ನಮ್ಮಪ್ಪನ ಕೈಗೆ ತಾಗುವುದು ಜಲಬಾಧೆಯಲ್ಲ.

ಅಕ್ಕ ಊರು ಬಿಟ್ಟು ಎಲ್ಲಿಗಾದರೂ ಹೋಗಬೇಕೆಂದರೆ ಹಿಂದಿನ ಸಂಜೆಯಿಂದಲೇ ನೀರು ಬಿಡ್ತಾಳೆ. ರಾತ್ರಿ ಮುದ್ದೆಗೆ ಸಾರು ಕಮ್ಮಿ. ಬೆಳಿಗ್ಗೆ ಕಾಫಿ ಇಲ್ಲ. "ನೀರ್ ಕುಡುದ್ರೆ ಹೋಗ್ಬೇಕಾಯ್ತದೆ ಕಣ್ಲಾ, ಹೋಗಾಕೆ ಜಾಗ ಎಲ್ಲೈತೆ?" ಅಂತಾಳೆ. ಮುಟ್ಟಿನ ದಿನಗಳಲ್ಲಾದರೆ ಹೊರಡುವ ಮಾತೇ ಇಲ್ಲ. ವರ್ಷಕ್ಕೆ ಎರಡು ಸಲವಾದರೂ ಉರಿಮೂತ್ರ ಹಿಡಿಯುತ್ತೆ. ದೊಡ್ಡಾಸ್ಪತ್ರೆ ಡಾಕ್ಟರು ಪ್ರತಿ ಸಲವೂ "ನೀರು ಜಾಸ್ತಿ ಕುಡೀಬೇಕಮ್ಮ" ಅಂತಾರೆ. ಆಸ್ಪತ್ರೆಯ ಕಕ್ಕಸಿಗೂ ಎರಡು ಮೆಟ್ಟಿಲಿವೆ, ಅದನ್ನ ಅವರು ನೋಡಿಲ್ಲ. ಅವರಿಗೆ ಬೇರೆ ಇದೆ.

ಅಕ್ಕ 2010ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ನಮಗಿಂತ ಜಾಣೆ, ಕನ್ನಡದಲ್ಲಿ ಎಂಬತ್ತರ ಮೇಲೆ ಬಂದಿತ್ತು. ಪಿಯುಸಿಗೆ ತಾಲ್ಲೂಕಿಗೆ ಹೋಗಬೇಕಿತ್ತು. ಹೋದಳು, ಒಂದು ತಿಂಗಳು. ಮೂರುಗಾಲಿ ಸೈಕಲ್ಲು ಬಸ್ಸಿಗೆ ಏರುವುದಿಲ್ಲ, ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು ತೆವಳಬೇಕು. ಅಪ್ಪ ಹೊತ್ತು ಬಸ್ಸಿಗೆ ಹಾಕ್ತಿದ್ದ. ಕಾಲೇಜಿನಲ್ಲಿ ಹೆಣ್ಣುಮಕ್ಕಳ ಕಕ್ಕಸು ಹಿಂದಿನ ಕಟ್ಟಡದಲ್ಲಿ, ನಡುವೆ ಕಲ್ಲುಜಲ್ಲಿ. ಹೋಗದೆ ಸಂಜೆ ತನಕ ತಡೆದುಕೊಂಡಳು. ಒಂದು ದಿನ ತಡೆಯಲಾರದೆ ಬಸ್‌ಸ್ಟ್ಯಾಂಡಿನ ಆ ಮೂರು ಮೆಟ್ಟಿಲನ್ನ ಕೈಯೂರಿ ಹತ್ತಿದಳು. ಒಳಗೆ ನೆಲದ ತುಂಬ ನೀರು, ಬರೀ ನೀರಲ್ಲ. ಬೇಸಿನ್ನಿನ ಮೇಲೆ ಕೂರಲಾಗಲಿಲ್ಲ, ಹಿಡಿದುಕೊಳ್ಳೋಕೆ ಗೋಡೆಯಲ್ಲಿ ಏನೂ ಇಲ್ಲ. ಹೊರಗೆ ಬಂದಾಗ ಲಂಗ ಪೂರ್ತಿ ತೊಯ್ದಿತ್ತು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಸರಿದು ಕೂತರು. ಯಾರೂ ಜಾತಿ ಕೇಳಲಿಲ್ಲ. ಕೇಳದೆಯೇ ಅಸ್ಪೃಶ್ಯತೆ ಆಚರಿಸುವ ಅವಕಾಶ ಅವರಿಗೆ ಸಿಕ್ಕಿತ್ತು. ಮಾರನೇ ದಿನದಿಂದ ಅಕ್ಕ ಕಾಲೇಜಿಗೆ ಹೋಗಲಿಲ್ಲ. ಶಾಲೆಗಳಲ್ಲಿ ಗಂಡುಹೆಣ್ಣಿಗೆ ಬೇರೆ ಬೇರೆ ಶೌಚಾಲಯ, ಅಡೆತಡೆಯಿಲ್ಲದ ದಾರಿ ಇರಬೇಕು ಅಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು ಅದೇ 2010ರ ಏಪ್ರಿಲ್ 1ರಂದು. ಅದು ಆರರಿಂದ ಹದಿನಾಲ್ಕು ವರ್ಷದವರಿಗೆ. ಅಕ್ಕನಿಗೆ ಆಗ ಹದಿನೇಳು.

ಈಗ ಮೆಟ್ಟಿಲಿಗೆ ಬರೋಣ.

ಕಕ್ಕಸು ಅನ್ನುವ ಮಾತು ಡಚ್ಚರಿಂದ ಬಂದು ತಮಿಳಿನ ಮೂಲಕ ನಮಗೆ ಇಳಿದದ್ದು ಅಂತ ಭಾಷೆ ಬಲ್ಲವರು ಹೇಳ್ತಾರೆ. ಪಾಯಿಖಾನೆ ಪಾರಸಿಯದು. ನಮ್ಮ ಕೇರಿಯಲ್ಲಿ ಇದ್ದದ್ದು 'ಬಯಲಕಡೆ' ಅನ್ನುವ ಒಂದೇ ಮಾತು. ಕಟ್ಟಡವೇ ಇಲ್ಲದವರಿಗೆ ಕಟ್ಟಡದ ಹೆಸರು ಯಾಕೆ? ಕಕ್ಕಸು ಇದ್ದದ್ದು ಊರವರಿಗೆ. ಅದು ಒಣಕಕ್ಕಸು. ಕೂರುವ ಜಾಗವನ್ನ ಎತ್ತರದ ಕಟ್ಟೆ ಮಾಡಿ, ಕೆಳಗೆ ತಗಡೋ ಬುಟ್ಟಿಯೋ ಇಡಲು ಪೊಳ್ಳು ಬಿಡ್ತಿದ್ದರು. ಆ ಪೊಳ್ಳಿಗೆ ಹಿಂದಿನ ಓಣಿಯಿಂದ ಒಂದು ಗಿಡ್ಡ ಕಿಂಡಿ. ಮುಂದಿನಿಂದ ಯಜಮಾನರು ಮೆಟ್ಟಿಲು ಹತ್ತಿ ಕೂರ್ತಿದ್ದರು, ಹಿಂದಿನಿಂದ ನಮ್ಮಜ್ಜಿ ಬಗ್ಗಿ ಬಳೀತಿದ್ದಳು. ಮೇಲೆ ಕೂತವರಿಗೆ ಬಳಿಯುವವರ ಮುಖ ಕಾಣಬಾರದು, ಬಳಿಯುವವರು ಮನೆಯೊಳಗೆ ಕಾಲಿಡಬಾರದು. ಅದಕ್ಕೇ ಹಿಂಬಾಗಿಲು, ಅದಕ್ಕೇ ಎತ್ತರ, ಎತ್ತರಕ್ಕೇ ಮೆಟ್ಟಿಲು. ಇಂಜಿನಿಯರು ಬರೆದ ನಕ್ಷೆಗಿಂತ ಮೊದಲೇ ಮನು ಬರೆದ ನಕ್ಷೆ ಅದು.

ಕೇಳಿದರೆ ಅಜ್ಜಿ ಹೆಚ್ಚು ಹೇಳ್ತಿರಲಿಲ್ಲ. ಮಳೆಗಾಲದಲ್ಲಿ ಬುಟ್ಟಿ ಸೋರಿ ಕೂದಲಿಗೆ ಇಳಿಯುತ್ತಿದ್ದುದನ್ನ ಮಾತ್ರ ಒಂದು ಸಲ ಹೇಳಿ, ಎಲೆಯಡಿಕೆ ಉಗಿದು ಎದ್ದು ಹೋಗಿದ್ದಳು.

ದೇವರಾಜ ಅರಸರ ಕಾಲದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆ ಮೇಲೆ ಮಲ ಹೊರುವುದನ್ನ ಈ ರಾಜ್ಯದಲ್ಲಿ ನಿಷೇಧಿಸಿದರು. ನಮ್ಮಜ್ಜಿಯ ತಲೆಯಿಂದ ಬುಟ್ಟಿ ಇಳಿಸಿದ ಮನುಷ್ಯ ಅವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಊರೂರಲ್ಲಿ ಗಲಭೆ ಎಬ್ಬಿಸಿ ಅವರ ಮಂತ್ರಿಗಿರಿ ಕಳೆದರು. ಆ ಬೆಂಕಿಯಿಂದಲೇ ದಲಿತ ಚಳವಳಿ ಈ ನೆಲದಲ್ಲಿ ಎದ್ದಿತು ಅನ್ನುವುದು ಈ ಪತ್ರಿಕೆ ಓದುವವರಿಗೆ ನಾವು ಹೇಳಬೇಕಿಲ್ಲ. ಇಡೀ ದೇಶಕ್ಕೆ ಒಣಕಕ್ಕಸು ನಿಷೇಧದ ಕಾನೂನು ಬರಲು 1993ರ ತನಕ ಕಾಯಬೇಕಾಯಿತು. ಅದು ಕೆಲಸ ಮಾಡಲಿಲ್ಲ ಅಂತ 2013ರಲ್ಲಿ ಇನ್ನೊಂದು ಕಾನೂನು ಮಾಡಿದರು. ಆ ಎರಡು ಕಾನೂನುಗಳ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ತಮ್ಮನ್ನ ಒಕ್ಕಲೆಬ್ಬಿಸುವುದರ ವಿರುದ್ಧ ಮೈಗೆ ಮಲ ಸುರಿದುಕೊಂಡು ಪುರಸಭೆಯ ಮುಂದೆ ನಿಂತರು.

ಸರಿ, ಒಣಕಕ್ಕಸು ಹೋಯಿತು, ನೀರಿನ ಕಕ್ಕಸು ಬಂತು. ಬುಟ್ಟಿ ಹೋದ ಮೇಲೆ ಪೊಳ್ಳು ಬೇಕಿಲ್ಲ. ಪೊಳ್ಳು ಬೇಡವಾದ ಮೇಲೆ ಎತ್ತರ ಯಾಕೆ? ನಮ್ಮ ಕೇರಿಯ ಗಾರೆ ಕೆಲಸದ ಅಣ್ಣನೊಬ್ಬನನ್ನ ಕೇಳಿದೆವು. ಅವನು ಬೀಡಿ ಹಚ್ಚಿಕೊಂಡು ವಿವರಿಸಿದ: "ಬೇಸಿನ್ ಕೆಳಗೆ ಟ್ರ್ಯಾಪ್ ಕೂರ್ಬೇಕು. ಪೈಪು ಗುಂಡಿ ಕಡೀಕೆ ಇಳಿಜಾರಾಗಿ ಹೋಗ್ಬೇಕು. ಒಂದೋ ನೆಲ ಅಗುದು ತಗ್ಗಿಸ್ಬೇಕು, ಇಲ್ಲಾ ಬೇಸಿನ್ನ ಮೇಲಕ್ಕೆ ಎತ್ತಬೇಕು. ಅಗ್ಯಾದು ಕೂಲಿ ಜಾಸ್ತಿ, ಬಂಡೆ ಸಿಕ್ಕುದ್ರೆ ಮುಗೀತು. ಎತ್ತಾದು ಸಲೀಸು. ನಾಕು ಸಾಲು ಇಟ್ಗೆ, ಮುಂದುಕ್ಕೆ ಮೆಟ್ಲು." ನೀರು ಮೇಲೇ ಸಿಗುವ ನೆಲದಲ್ಲಿ ಗುಂಡಿ ಆಳಕ್ಕೆ ಹೋಗಬಾರದು, ಅಲ್ಲಿ ಎತ್ತುವುದು ಬೇಕೇ ಬೇಕು ಅಂತಲೂ ಹೇಳಿದ. ಹಾಗಾದರೆ ಎಲ್ಲಾ ಮೆಟ್ಟಿಲೂ ಜಾತಿಯದಲ್ಲ. ಕೆಲವು ನೆಲದವು, ಬಹಳಷ್ಟು ಕಂಟ್ರ್ಯಾಕ್ಟರನ ಲಾಭದವು. ಆದರೆ ಒಂದನ್ನ ಗಮನಿಸಬೇಕು. ಕಕ್ಕಸು ಅಂದರೆ ಹತ್ತಿ ಹೋಗುವ ಜಾಗ ಅನ್ನುವುದು ಅಷ್ಟು ಹೊತ್ತಿಗೆ ಎಲ್ಲರ ಕಣ್ಣಿಗೂ ರೂಢಿಯಾಗಿಬಿಟ್ಟಿತ್ತು. ಹತ್ತಲಾರದವರು ಇದ್ದಾರೆ ಅಂತ ಯಾವ ಮೇಸ್ತ್ರಿಗೂ ಹೊಳೆಯಲಿಲ್ಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಗಿ ಮನೆಗೆ ಹನ್ನೆರಡು ಸಾವಿರ ರೂಪಾಯಿ ಕೊಟ್ಟರು. ನಮ್ಮ ಮನೆ ಹಿಂದೆಯೂ ಒಂದು ಎದ್ದಿತು, ಎರಡು ಮೆಟ್ಟಿಲಿನ ಮೇಲೆ, ಅಕ್ಕನ ಸೈಕಲ್ಲಿನ ಒಂದು ಗಾಲಿ ಮಾತ್ರ ತೂರುವಷ್ಟು ಬಾಗಿಲಿಟ್ಟು. ಅಪ್ಪ ಮೆಟ್ಟಿಲಿಗೆ ಮಣ್ಣು ತುಂಬಿ ಇಳಿಜಾರು ಮಾಡಿದ. ಪ್ಲಾಸ್ಟಿಕ್ ಕುರ್ಚಿಯೊಂದರ ನಡುವೆ ಕಾದ ಕಬ್ಬಿಣದಲ್ಲಿ ದುಂಡಗೆ ತೂತು ಕೊರೆದು ಬೇಸಿನ್ನಿನ ಮೇಲೆ ಇಟ್ಟ. ಈ ಕುರ್ಚಿಯನ್ನ ಯಾವ ವಿನ್ಯಾಸ ಶಾಲೆಯೂ ಕಲಿಸಲಿಲ್ಲ. ಆದರೆ ಬಸ್‌ಸ್ಟ್ಯಾಂಡಿಗೆ ಕುರ್ಚಿ ಹೊತ್ತುಕೊಂಡು ಹೋಗೋಕಾಗುತ್ತದೆಯೆ?

ಕುಕ್ಕರಗಾಲಲ್ಲಿ ಕೂರುವ ದೇಶ ನಮ್ಮದು. ಇದರ ಮೇಲೆ ಒಂದು ಒಳ್ಳೆಯ ಕತೆ ಇದೆ, ಚರಿತ್ರೆಯ ಪುಸ್ತಕಗಳಲ್ಲಿ ಇರಬೇಕಾದದ್ದು. 1960ರ ದಶಕದಲ್ಲಿ ಕಾಲು ಕಳೆದುಕೊಂಡವರಿಗೆ ಕೊಡುತ್ತಿದ್ದ ಕೃತಕ ಪಾದ ವಿಲಾಯಿತಿ ಮಾದರಿಯದು. ಹಿಮ್ಮಡಿ ಬಗ್ಗುವುದಿಲ್ಲ, ಬೂಟು ಬೇಕು, ಕೆಸರಿಗೆ ಇಳಿಯುವ ಹಾಗಿಲ್ಲ. ಕುರ್ಚಿ ಮೇಲೆ ಕೂತು, ಕಮೋಡಿನ ಮೇಲೆ ಕೂತು ಬದುಕುವವರ ಪಾದ ಅದು. ನಮ್ಮ ರೈತ ಅದನ್ನ ಹಾಕಿಕೊಂಡು ಬಯಲಿಗೆ ಹೋದರೆ ಕೂರಲಾಗದು. ಆಸ್ಪತ್ರೆಯಿಂದ ಕಾಲು ತೆಗೆದುಕೊಂಡು ಹೋದವರು ಅದನ್ನ ಮನೆಯ ಅಟ್ಟದ ಮೇಲೆ ಇಟ್ಟು ಊರುಗೋಲು ಹಿಡಿಯುತ್ತಿದ್ದರು. ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿಯೊಬ್ಬರಿದ್ದರು. ಶಾಲೆ ಓದು ಕೆಲವೇ ತರಗತಿ. ಟೈರಿಗೆ ರಬ್ಬರು ಕಾಯಿಸಿ ಹಾಕುವುದನ್ನ ಕಂಡು, ಅದೇ ರಬ್ಬರಿನಲ್ಲಿ ಪಾದ ಎರಕ ಹೊಯ್ಯುವ ದಾರಿ ಹುಡುಕಿದರು. ಡಾಕ್ಟರ್ ಪಿ.ಕೆ. ಸೇಥಿಯವರ ಜೊತೆ ಸೇರಿ 1968ರ ಹೊತ್ತಿಗೆ ಹಿಮ್ಮಡಿ ಬಗ್ಗುವ, ಬರಿಗಾಲಲ್ಲಿ ಗದ್ದೆಗೆ ಇಳಿಯಬಹುದಾದ, ಕುಕ್ಕರಗಾಲಲ್ಲಿ ಕೂರಬಹುದಾದ ಜೈಪುರ ಕಾಲು ತಯಾರಾಯಿತು. ಡಾಕ್ಟರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಬರಬೇಕಾದದ್ದೇ. ಕೈಯಲ್ಲಿ ಮಾಡಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ನಮಗೂ ಡಿಗ್ರಿ ಮುಗಿದ ಮೇಲೆ ಗೊತ್ತಾಯಿತು.

ಈ ಕತೆಯಲ್ಲಿ ನಮಗೆ ಮುಖ್ಯವಾದದ್ದು ಬೇರೆ. ಅಲ್ಲಿ ಕಕ್ಕಸನ್ನ ಬದಲಿಸಲಿಲ್ಲ, ಕಾಲನ್ನ ಬದಲಿಸಿದರು. ಕಾಲು ಕಡಿದವರಿಗೆ ಅದು ವರವಾಯಿತು. ಅಕ್ಕನಂಥವರಿಗೆ ಆಗಲಿಲ್ಲ. ಅವಳ ಕಾಲು ಇದೆ, ಅದರಲ್ಲಿ ಬಲ ಇಲ್ಲ. ಅಂಥವರಿಗೆ ಕ್ಯಾಂಪಿನಲ್ಲಿ ಕೊಟ್ಟದ್ದು ಕಬ್ಬಿಣದ ಕ್ಯಾಲಿಪರ್ರು. ಮಂಡಿ ಹತ್ತಿರ ಚಿಲಕ. ಚಿಲಕ ಹಾಕಿದರೆ ನಿಲ್ಲಬಹುದು, ಕೂರಲಾಗದು. ಕಕ್ಕಸಿನಲ್ಲಿ ಅದನ್ನ ಬಿಚ್ಚಿ, ಗೋಡೆಗೆ ಒರಗಿಸಿ, ನೆಲಕ್ಕೆ ಅಂಗೈ ಊರಬೇಕು. ಆ ನೆಲ ಹೇಗಿರುತ್ತದೆ ಅಂತ ಮೇಲೆ ಬರೆದಿದ್ದೇವೆ.

ಕಾಲನ್ನಲ್ಲ, ಕಟ್ಟಡವನ್ನ ಬದಲಿಸಬೇಕು ಅಂದವರು ಬೇರೆ ಕಡೆ ಇದ್ದರು. ಇಂಗ್ಲೆಂಡಿನಲ್ಲಿ ಸೆಲ್ವಿನ್ ಗೋಲ್ಡ್‌ಸ್ಮಿತ್ ಅನ್ನುವ ವಾಸ್ತುಶಿಲ್ಪಿ, ತಾನೇ ಪೋಲಿಯೊ ಹಿಡಿದವನು, 1963ರಲ್ಲಿ ಅಂಗವಿಕಲರಿಗಾಗಿ ಕಟ್ಟಡ ಕಟ್ಟುವುದು ಹೇಗೆ ಅಂತ ಪುಸ್ತಕ ಬರೆದ. ನಾರಿಚ್ ಪಟ್ಟಣದ ಗಾಲಿಕುರ್ಚಿಯವರನ್ನ ಕೂರಿಸಿಕೊಂಡು ಕೇಳಿದ. ಆಮೇಲೆ ಅಲ್ಲಿ ಗಂಡುಹೆಣ್ಣು ಭೇದವಿಲ್ಲದ ಒಂದು ಸಾರ್ವಜನಿಕ ಶೌಚದ ಕೋಣೆ ಎದ್ದಿತು. ಭೇದ ಯಾಕೆ ಬೇಡ ಅಂದರೆ, ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಹೆಗಲು ಕೊಡಬೇಕಲ್ಲ. ಇದನ್ನ ಓದಿದಾಗ ನಮಗೆ ಎದೆ ಧಸಕ್ ಅಂದಿತು. ಯಾಕೆಂದರೆ ಅವ್ವನ ಸೊಂಟ ಹೋದ ಮೇಲೆ ಅಕ್ಕನನ್ನ ಎತ್ತುವವರು ಅಪ್ಪ ಅಥವಾ ನಾವು. 'ಹೆಂಗಸರು' ಅಂತ ಬರೆದ ಬಾಗಿಲಲ್ಲಿ ನಾವು ಅಕ್ಕನನ್ನ ಎತ್ತಿಕೊಂಡು ನಿಂತಾಗ ಒಳಗಿನಿಂದ ಬೈಗುಳ ಬಂದಿದೆ. ಬೈದವರದ್ದೂ ತಪ್ಪಿಲ್ಲ.

ಅಮೆರಿಕಾದಲ್ಲಿ 1990ರ ಮಾರ್ಚ್ 12ರಂದು ಅರವತ್ತಕ್ಕೂ ಹೆಚ್ಚು ಜನ ಗಾಲಿಕುರ್ಚಿ, ಊರುಗೋಲು ಕೆಳಗೆ ಬಿಟ್ಟು ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳನ್ನ ತೆವಳಿಕೊಂಡು ಹತ್ತಿದರು. ಅವರಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಅದೇ ಜುಲೈ 26ಕ್ಕೆ ಕಾನೂನಿಗೆ ಸಹಿ ಬಿತ್ತು. ಅಕ್ಕನಿಗೆ ಇದರ ಚಿತ್ರವನ್ನ ಮೊಬೈಲಿನಲ್ಲಿ ತೋರಿಸಿದೆವು. ಬಹಳ ಹೊತ್ತು ನೋಡಿ, "ಅವ್ರು ಒಂದಿನ ತೆವುಳವ್ರೆ, ಕಾನೂನ್ ಬಂದದೆ. ನಾನು ಮೂವತ್ತೊರ್ಸದಿಂದ ತೆವುಳ್ತಿವ್ನಿ, ಯಾರ್ ಫೋಟೊ ತೆಗುದ್ರು?" ಅಂದಳು.

ಕಾನೂನು ಇಲ್ಲೂ ಬಂತು, ಅದನ್ನೂ ಹೇಳಬೇಕು. ಗಾಲಿಕುರ್ಚಿಯ ಮೇಲಿದ್ದೇ ಹೋರಾಡಿದ ಜಾವೇದ್ ಆಬಿದಿಯವರೂ ಅವರ ಗೆಳೆಯರೂ ದಿಲ್ಲಿಯಲ್ಲಿ ಬೀದಿಗಿಳಿದ ಮೇಲೆ, 1995ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅಂಗವಿಕಲರ ಕಾಯಿದೆ ಪಾಸು ಮಾಡಿತು, 1996ರ ಫೆಬ್ರವರಿ 7ಕ್ಕೆ ಜಾರಿಯಾಯಿತು. ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು, ಗಾಲಿಕುರ್ಚಿಯವರು ಬಳಸುವಂಥ ಶೌಚಾಲಯ, ರೈಲಿನ ಡಬ್ಬಿಯಲ್ಲೂ ಕಾಯುವ ಕೋಣೆಯಲ್ಲೂ ಅಂಥದೇ ಏರ್ಪಾಡು, ಎಲ್ಲವೂ 44ರಿಂದ 46ನೇ ಕಲಮುಗಳಲ್ಲಿವೆ. ಆದರೆ ಅದರ ಬಾಗಿಲಲ್ಲೇ ಒಂದು ಮೆಟ್ಟಿಲು ಇಟ್ಟಿದ್ದರು: ಸರ್ಕಾರ ಇದನ್ನ ತನ್ನ 'ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ' ಮಾಡಬೇಕು. ದುಡ್ಡಿದ್ದರೆ ಮಾಡ್ತೀವಿ ಅನ್ನುವ ಮಾತು.

ಈ ಮಾತು ಎಲ್ಲಿಂದ ಬಂತು ಅಂತ ಹುಡುಕಿದೆವು. ನಮ್ಮ ಸಂವಿಧಾನದಿಂದಲೇ ಬಂದಿದೆ. 15ನೇ ವಿಧಿಯ ಎರಡನೇ ಕಲಮು ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಗೆ ಯಾರನ್ನೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ತಡೆಯಬಾರದು ಅನ್ನುತ್ತೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬಾಬಾಸಾಹೇಬರು ನೀರು ಮುಟ್ಟಿದ್ದರ ಫಲ ಆ ಸಾಲುಗಳಲ್ಲಿದೆ. ಅದರಲ್ಲಿ 'ದುಡ್ಡಿದ್ದರೆ' ಅನ್ನುವ ಮಾತಿಲ್ಲ. 17ನೇ ವಿಧಿಯಲ್ಲೂ ಇಲ್ಲ. ಅಸ್ಪೃಶ್ಯತೆ ರದ್ದು ಅಂದರೆ ರದ್ದು. ಆದರೆ 15ರ ಆ ಪಟ್ಟಿಯಲ್ಲಿ ಅಂಗವಿಕಲತೆ ಇಲ್ಲ. ಅಂಗವಿಕಲತೆ ಬರುವುದು 41ನೇ ವಿಧಿಯಲ್ಲಿ, ನಿರುದ್ಯೋಗ, ಮುಪ್ಪು, ಕಾಯಿಲೆಗಳ ಜೊತೆ, ಸಾರ್ವಜನಿಕ ನೆರವು ಕೊಡುವ ಕಡೆ. ಅಲ್ಲಿದೆ ಅದೇ ಆರ್ಥಿಕ ಸಾಮರ್ಥ್ಯದ ಮಾತು. ಜಾತಿಯ ತಡೆ ಅನ್ಯಾಯ ಅನ್ನಿಸಿಕೊಂಡಿತು, ಮೆಟ್ಟಿಲಿನ ತಡೆ ದೌರ್ಭಾಗ್ಯ ಅನ್ನಿಸಿಕೊಂಡಿತು. ಒಂದಕ್ಕೆ ಹಕ್ಕು, ಇನ್ನೊಂದಕ್ಕೆ ಭಿಕ್ಷೆ. ಬಾಬಾಸಾಹೇಬರನ್ನ ಎದೆಯಲ್ಲಿಟ್ಟುಕೊಂಡವರು ಇದನ್ನ ಬರೆಯಬಾರದು ಅಂತ ಒಬ್ಬ ಗೆಳೆಯ ಅಂದ. ಬರೆಯದೆ ಬಿಟ್ಟರೆ ಅವರನ್ನ ಫೋಟೊ ಮಾಡಿ ಗೋಡೆಗೆ ನೇತುಹಾಕಿದ ಹಾಗಾಗುತ್ತೆ.

ನಮ್ಮ ಚಳವಳಿಯವರು ಈ ವಿಷಯದಲ್ಲಿ ತಡವಾಗಿದ್ದೇವೆ ಅನ್ನುವುದನ್ನೂ ಒಪ್ಪಬೇಕು. ನಮ್ಮ ಸಭೆಗಳು ನಡೆಯುವ ಭವನಗಳ ಮೆಟ್ಟಿಲೆಷ್ಟು, ಎಣಿಸಿದ್ದೇವೆಯೆ? 2011ರ ಜನಗಣತಿ ಪ್ರಕಾರ ಈ ದೇಶದಲ್ಲಿ 2.68 ಕೋಟಿ ಅಂಗವಿಕಲರು, ನೂರಕ್ಕೆ 2.21. ಪರಿಶಿಷ್ಟ ಜಾತಿಗಳಲ್ಲಿ ನೂರಕ್ಕೆ 2.45. ಕರ್ನಾಟಕದಲ್ಲಿ ಒಟ್ಟು 13 ಲಕ್ಷ 24 ಸಾವಿರ. ಯಾಕೆ ನಮ್ಮಲ್ಲಿ ಹೆಚ್ಚು ಅನ್ನುವುದಕ್ಕೆ ಸಂಶೋಧನೆ ಬೇಕೆ? ಬಸುರಿ ಹೊಟ್ಟೆಗೆ ಅನ್ನ ಕಮ್ಮಿ, ಕೇರಿಗೆ ನರ್ಸಮ್ಮ ಬರುವುದು ಕಮ್ಮಿ, ಕ್ವಾರಿಯಲ್ಲಿ ಬ್ಲಾಸ್ಟಿಂಗಿಗೆ ನಿಲ್ಲುವವರು ನಮ್ಮವರು. ಅದೇ ಗಣತಿಯಲ್ಲಿ ದೇಶದ ಅರ್ಧದಷ್ಟು ಮನೆಗಳವರು, ನೂರಕ್ಕೆ 49.8, ಬಯಲಿಗೇ ಹೋಗ್ತಿದ್ದರು. ಬಯಲಿಗೆ ಮೆಟ್ಟಿಲಿಲ್ಲ ನಿಜ. ಆದರೆ ತೆವಳಿಕೊಂಡು ಹೋಗುವವರಿಗೆ ಬಯಲಿನಲ್ಲಿ ಮುಳ್ಳು, ಕತ್ತಲು, ಹಿಂದೆ ಬರುವ ಗಂಡಸರು.

ಹೆಸರುಗಳ ಬಗ್ಗೆ ಎರಡು ಮಾತು. ಊರಲ್ಲಿ ಅಕ್ಕನನ್ನ 'ಕುಂಟಿ' ಅಂದರು. ಸರ್ಕಾರ ಮೊದಲು ಅಂಗವಿಕಲೆ ಅಂತು, ಆಮೇಲೆ ವಿಕಲಚೇತನೆ ಅಂತು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ 'ದಿವ್ಯಾಂಗ' ಅನ್ನೋಣ ಅಂದರು. ನಮಗೆ ಇದು ಹಳೆಯ ಪರಿಚಯ. ನಮ್ಮನ್ನೂ ಹಿಂದೆ ಒಬ್ಬರು ದೇವರ ಮಕ್ಕಳು ಅಂತ ಕರೆದಿದ್ದರು. ದೇವರ ಮಕ್ಕಳಿಗೆ ಬಾವಿ ಬಿಡಲಿಲ್ಲ, ದಿವ್ಯವಾದ ಅಂಗದವರಿಗೆ ಕಕ್ಕಸಿಲ್ಲ. ಅಕ್ಕ ಇದಕ್ಕೆ ನಗ್ತಾಳೆ. "ದಿವ್ಯ ಅಂದ್ರೆ ಏನ್ಲಾ? ಉಚ್ಚೆ ಬರಾದಿಲ್ವ?"

2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದಿಲ್ಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್‌ಗಳಿಗೆ ತಾತ್ಕಾಲಿಕವಾಗಿ ಮರದ ಇಳಿಜಾರು ಹಾಕಿದರು. ಹಾಗಾದರೆ ಹಾಕೋಕೆ ಬರ್ತಿತ್ತು! ಬರದೆ ಇದ್ದದ್ದು ಸಾಮರ್ಥ್ಯವಲ್ಲ. ಬಂದವರು ಯಾರು ಅನ್ನುವುದರ ಮೇಲೆ ಹೋಯಿತು.

2016ರಲ್ಲಿ ಹೊಸ ಕಾಯಿದೆ ಬಂತು, 2017ರ ಏಪ್ರಿಲ್ 19ಕ್ಕೆ ಜಾರಿ. ಇದರ 45ನೇ ಕಲಮು ನಿಯಮಗಳು ಬಂದ ದಿನದಿಂದ ಐದು ವರ್ಷದಲ್ಲಿ ಇರುವ ಎಲ್ಲಾ ಸಾರ್ವಜನಿಕ ಕಟ್ಟಡಗಳನ್ನೂ ಸರಿಪಡಿಸಬೇಕು ಅಂದಿತು. ನಿಯಮ ಬಂದದ್ದು 2017ರ ಜೂನ್ 15. ಐದು ವರ್ಷ ಮುಗಿದದ್ದು 2022ರ ಜೂನ್. ದೃಷ್ಟಿ ಇಲ್ಲದ ರಾಜೀವ್ ರಾತೂರಿಯವರು 2005ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಹಾಕಿದ ಕೇಸು 2017ರಲ್ಲಿ ಒಮ್ಮೆ ತೀರ್ಪಾಯಿತು. 2024ರ ನವೆಂಬರ್ 8ರಂದು ಮತ್ತೆ ತೀರ್ಪು ಬಂತು. ಕಟ್ಟಡ ಹೀಗಿರಬೇಕು ಅಂತ ಹೇಳುವ ನಿಯಮ ಬರೀ ಸಲಹೆಯ ಹಾಗಿದೆ, ಕಡ್ಡಾಯ ಮಾಡುತ್ತಿಲ್ಲ, ಆದ್ದರಿಂದ 15ನೇ ನಿಯಮ ಕಾಯಿದೆಗೇ ವಿರುದ್ಧ ಅಂದ ಕೋರ್ಟು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಅಂತು. 2025ರ ಜನವರಿ 15ರಂದು ರಾಜೀಬ್ ಕಲಿತಾ ಅವರ ಕೇಸಿನಲ್ಲಿ, ದೇಶದ ಎಲ್ಲಾ ಕೋರ್ಟುಗಳಲ್ಲೂ ಹೆಂಗಸರಿಗೆ, ಗಂಡಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶೌಚಾಲಯ ಇರಬೇಕು ಅಂತ ಆದೇಶವಾಯಿತು. ನ್ಯಾಯ ಕೊಡುವ ಮನೆಗಳಲ್ಲೇ ಇರಲಿಲ್ಲ ಅನ್ನುವುದು ಹೀಗೆ ನಮಗೆ ತಿಳಿಯಿತು.

ನಮ್ಮ ಬಸ್‌ಸ್ಟ್ಯಾಂಡಿಗೂ ಒಂದು ಕೋಣೆ ಬಂದಿದೆ. ನೀಲಿ ಬೋರ್ಡು, ಅದರ ಮೇಲೆ ಬಿಳಿ ಗಾಲಿಕುರ್ಚಿಯ ಚಿತ್ರ. ಮೂರು ಮೆಟ್ಟಿಲಿನ ಪಕ್ಕ ಸಿಮೆಂಟಿನ ಇಳಿಜಾರು. ಮೆಟ್ಟಿಲು ಒಂದೊಂದೂ ಆರು ಇಂಚು, ಒಟ್ಟು ಹದಿನೆಂಟು. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು ಅನ್ನುವುದು ಲೆಕ್ಕ, ಅಂದರೆ ಹದಿನೆಂಟು ಅಡಿ. ಕಟ್ಟಿರುವುದು ಐದು ಅಡಿ. ಅಕ್ಕ ಒಂದು ಸಲ ಕೈಪೆಡಲು ತುಳಿದು ಹತ್ತಲು ನೋಡಿ ಹಿಂದಕ್ಕೆ ಉರುಳಿದಳು, ಆಟೊದವರು ಹಿಡಿದರು. ಬಾಗಿಲು ಮೂರಡಿ ಇರಬೇಕಿತ್ತು, ಎರಡೂಕಾಲು ಇದೆ. ಇಷ್ಟಾದರೂ ಒಳಗೆ ಕಮೋಡಿದೆ, ಗೋಡೆಗೆ ಹಿಡಿಕೆ ಇದೆ. ಬಾಗಿಲಿಗೆ ಬೀಗ ಇದೆ.

ಬೀಗದ ಒಳಗೆ ಏನಿದೆ ಅಂತ ನಮಗೆ ಗೊತ್ತಾದದ್ದು ಅಪ್ಪನಿಂದ. ಪೊರಕೆ, ಬಕೆಟ್ಟು, ಫಿನಾಯಿಲು, ಬ್ಲೀಚಿಂಗ್ ಪೌಡರಿನ ಮೂಟೆ, ಅಪ್ಪನ ಖಾಕಿ ಅಂಗಿ, ಬುತ್ತಿ. ಕಕ್ಕಸು ತೊಳೆಯುವವರಿಗೆ ಬಟ್ಟೆ ಬದಲಿಸಲು, ಉಣ್ಣಲು, ಸಾಮಾನು ಇಡಲು ಆ ಇಡೀ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೂಲೆ ಇಲ್ಲ. ಮೇಸ್ತ್ರಿ ಈ ಕೋಣೆ ತೋರಿಸಿದ್ದಾನೆ, ಕೀ ಅವನ ಸೊಂಟದಲ್ಲಿ. ವರ್ಷಗಟ್ಟಲೆ ಅಕ್ಕ ಹೋಗಬೇಕಾಗಿದ್ದ ಕಕ್ಕಸಿನಲ್ಲಿ ಅಪ್ಪ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ಅಕ್ಕನಿಗೆ ಹೇಳಿರಲಿಲ್ಲ.

ತಿಳಿದ ದಿನ ಮನೆಯಲ್ಲಿ ಜಗಳವಾಯಿತು. ಅಕ್ಕ ಅತ್ತಳು, ಅವಳು ಅಳುವುದು ಕಮ್ಮಿ. ಅಪ್ಪ, "ನಾನೆಲ್ಲಿ ಮಡಗ್ಲವ್ವ? ಬೀದೀಲಿ ಮಡುಗುದ್ರೆ ಕಳ್ಳುತನ ಆಯ್ತದೆ, ಸಂಬಳ್ದಲ್ಲಿ ಹಿಡೀತಾರೆ" ಅಂದ. ಇಬ್ಬರ ಮಾತೂ ನಿಜ. ಡಿಗ್ರಿ ಮಾಡಿದ ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ರಾತ್ರಿ ಅಪ್ಪ ಉಣ್ಣದೆ ಮಲಗಿದ.

ವಾರದ ಮೇಲೆ ಅಪ್ಪನೇ ಅಳತೆಯ ಟೇಪು ತಂದ. ಒಂದು ಭಾನುವಾರ ಅಕ್ಕನನ್ನ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ, ಇಬ್ಬರೂ ಮೆಟ್ಟಿಲು, ಇಳಿಜಾರು, ಬಾಗಿಲು ಅಳೆದರು. ಮೇಲೆ ಬರೆದ ಅಂಕಿಗಳು ಅವರವೇ. ಹದಿನೆಂಟು ಅಡಿ ನೇರಕ್ಕೆ ಎಳೆದರೆ ಆಟೊ ಸ್ಟ್ಯಾಂಡಿಗೆ ಹೋಗುತ್ತೆ, ಒಂಬತ್ತು ಅಡಿಗೆ ಮುರಿದು ತಿರುಗಿಸಬಹುದು ಅಂತ ಗಾರೆ ಅಣ್ಣ ನೆಲದ ಮೇಲೆ ಇದ್ದಿಲಿನಲ್ಲಿ ಗೀಚಿ ತೋರಿಸಿದ. ನಾವು ಅರ್ಜಿ ಬರೆದೆವು. ಇಳಿಜಾರು ಒಡೆದು ಕಟ್ಟಬೇಕು, ಬೀಗ ತೆಗೆಯಬೇಕು, ಪೌರಕಾರ್ಮಿಕರಿಗೆ ಬೇರೆ ಕೋಣೆ ಕೊಡಬೇಕು. ಮೂರೂ ಒಂದೇ ಹಾಳೆಯಲ್ಲಿ. ಎರಡು ಅರ್ಜಿ ಮಾಡಿ, ವಿಷಯ ಬೇರೆ ಬೇರೆ ಅಂತ ಗುಮಾಸ್ತರು ಅಂದರು. ವಿಷಯ ಒಂದೇ ಸಾರ್ ಅಂತ ಅಕ್ಕ ಸೈಕಲ್ಲಿನಿಂದಲೇ ಹೇಳಿದಳು. ಕಚೇರಿಗೂ ನಾಲ್ಕು ಮೆಟ್ಟಿಲು, ಅವಳು ಹೊರಗಿದ್ದಳು, ಗುಮಾಸ್ತರು ಕಿಟಕಿಯಲ್ಲಿ ಬಗ್ಗಿ ನೋಡಿದರು. ಸೀಲು ಹಾಕಿ ನಕಲು ಕೊಟ್ಟರು.

ಹಿಂಬರಹ ಇನ್ನೂ ಬಂದಿಲ್ಲ. ಅಪ್ಪ ತನ್ನ ಸಾಮಾನನ್ನ ಆ ಕೋಣೆಯಿಂದ ಹೊರಗೆ ತಂದಿದ್ದಾನೆ. ಪೊರಕೆ, ಬಕೆಟ್ಟು ಬಸ್‌ಸ್ಟ್ಯಾಂಡಿನ ಹಿಂದೆ ಹೊಂಗೆಮರದ ಬುಡದಲ್ಲಿ, ಗೋಣಿ ಮುಚ್ಚಿ. ಮಳೆ ಬಂದರೆ ಪೌಡರು ಗಟ್ಟಿಯಾಗುತ್ತೆ. ಬುತ್ತಿಯನ್ನ ಮರಕ್ಕೆ ನೇತುಹಾಕ್ತಾನೆ.